ಆಯಿಲ್ ಚೇಂಬರಿನಲ್ಲಿ ನೀರು, ಮೈತುಂಬ ತುಕ್ಕು: ಬೋಟಿನ ಎಂಜಿನ್ ಬಿಚ್ಚಬೇಕೇ, ಬೇಡವೇ?

ಮಂಜೇಶ್ವರ ಬಂದರಿನವ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂವರು ಪಾಲುದಾರರ ಮರದ ಟ್ರಾಲ್ ಬೋಟು. ಆರು ಸಿಲಿಂಡರಿನ ಲೇಲ್ಯಾಂಡ್ ಡೀಸೆಲ್ ಎಂಜಿನ್, ಬೋಟಿನ ಸಮೇತ ಬೇರೊಬ್ಬರಿಂದ ಕೊಂಡದ್ದು. ಎಂಜಿನ್ನಿನ ಒಳಗೆ ಸುತ್ತುವುದು ಸಿಹಿನೀರು. ಅದನ್ನೂ ಆಯಿಲನ್ನೂ ತಣಿಸುವುದಕ್ಕೆ ಕಡಲಿನ ನೀರು ಹೀಟ್ ಎಕ್ಸ್‌ಚೇಂಜರ್ ಮತ್ತು ಆಯಿಲ್ ಕೂಲರಿನ ಮೂಲಕ ಹಾದು ಹೊರಗೆ ಬೀಳುತ್ತದೆ.

ಜೂನ್ 9ರ ನಡುರಾತ್ರಿ ನಮ್ಮ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಶುರುವಾದಾಗಿನಿಂದ ಬೋಟು ಬಂದರಿನಲ್ಲಿ ಕಟ್ಟಿಯೇ ಇದೆ. ನಿನ್ನೆ ಆಯಿಲ್ ಬದಲಿಸೋಣವೆಂದು ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಅಡಿಯ ಬೋಲ್ಟ್ ತೆಗೆದರೆ ಮೊದಲು ಬಂದದ್ದು ನೀರು. ಒಂದು ಲೀಟರಿಗೂ ಹೆಚ್ಚು. ಅದರ ಹಿಂದೆ ಕಪ್ಪು ಆಯಿಲ್. ಚೇಂಬರಿನ ತಳದ ತಗಡಿನಿಂದ ತುಕ್ಕು ಹಪ್ಪಳದಂತೆ ಎದ್ದು ಬರುತ್ತಿದೆ. ಸ್ಟಾರ್ಟರ್ ಮೋಟಾರಿನ ಮೈಯೂ ಕೆಂಪಾಗಿದೆ.

ಒಬ್ಬ ಮೆಕ್ಯಾನಿಕ್ ನೋಡಿ, ಎಂಜಿನ್ನಿನ ಮೈಯಾದ ಬ್ಲಾಕೇ ಒಡೆದಿದೆ, ಎಂಜಿನ್ ಇಳಿಸಿ ಮಂಗಳೂರಿಗೆ ಸಾಗಿಸಿ ಎಂದರು. ಇನ್ನೊಬ್ಬರು, ಹೊಸ ಆಯಿಲ್ ಹಾಕಿ, ಮೇಲಿಂದ ಬಣ್ಣ ಬಳಿಯಿರಿ ಎಂದರು. ಇಬ್ಬರ ಮಾತಿನ ನಡುವೆ ಲಕ್ಷಗಟ್ಟಲೆ ರೂಪಾಯಿಯ ಅಂತರವಿದೆ. ಜುಲೈ ಮುಗಿಯುವುದರೊಳಗೆ ಏನಾದರೂ ತೀರ್ಮಾನಿಸಬೇಕು. ಸ್ಟಾರ್ಟ್ ಮಾಡಿ ನೋಡಲೇ?

ಉಪ್ಪಳದ ಹಳೆಯ ಮೆಕ್ಯಾನಿಕ್

ಸ್ಟಾರ್ಟರ್ ಮುಟ್ಟಬೇಡಿ! ಬ್ಯಾಟರಿಯ ವೈರನ್ನೇ ಬಿಚ್ಚಿಡಿ, ಇಲ್ಲದಿದ್ದರೆ ಹುಡುಗರಲ್ಲಿ ಯಾರಾದರೂ ಒತ್ತಿಬಿಡುತ್ತಾರೆ. ಪಿಸ್ಟನ್ನಿನ ಮೇಲೆ ನೀರು ನಿಂತಿದ್ದರೆ ಅದು ಗಾಳಿಯಂತೆ ಕುಗ್ಗುವುದಿಲ್ಲ. ಸ್ಟಾರ್ಟರಿನ ಹೊಡೆತಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ನಿಜವಾಗಿಯೂ ಮಂಗಳೂರಿಗೆ ಸಾಗಿಸಬೇಕಾಗುತ್ತದೆ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆರೂ ನಾಝಲ್ ಬಿಚ್ಚಿ. ಒಂದೊಂದು ತೂತಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಡಿ. ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಪಾನಾ ಹಾಕಿ ಕೈಯಿಂದಲೇ ನಿಧಾನವಾಗಿ ಎರಡು ಸುತ್ತು ತಿರುಗಿಸಿ. ತೂತಿನಿಂದ ನೀರು ಚಿಮ್ಮಿದರೆ ಯಾವ ಸಿಲಿಂಡರ್ ಎಂದು ಬರೆದಿಟ್ಟುಕೊಳ್ಳಿ. ತಿರುಗದಿದ್ದರೆ ಬಲ ಹಾಕಬೇಡಿ. ಡೀಸೆಲ್ ಮತ್ತು ಗೇರ್ ಆಯಿಲನ್ನು ಸಮ ಪಾಲು ಬೆರೆಸಿ ಸುರಿದು, ಒಂದೆರಡು ದಿನ ನೆನೆಯಲು ಬಿಟ್ಟು ಮತ್ತೆ ನೋಡಿ.

ಇನ್ನು ಬ್ಲಾಕ್ ಒಡೆದ ವಿಷಯ. ನೀರು ಬರುವುದಕ್ಕೆ ಮೂರು ದಾರಿಗಳಿವೆ: ಆಕಾಶದಿಂದ, ಕಡಲಿನಿಂದ, ನಿಮ್ಮದೇ ಸಿಹಿನೀರಿನ ಟ್ಯಾಂಕಿನಿಂದ. ಇದರಲ್ಲಿ ಯಾವುದೆಂದು ನೋಡದೆಯೇ ಬ್ಲಾಕಿನ ಮೇಲೆ ಗೂಬೆ ಕೂರಿಸುವುದು ಸುಲಭ. ಒಂದು ಸುಳಿವು ನಿಮ್ಮ ಮಾತಿನಲ್ಲೇ ಇದೆ. ಮೊದಲು ನೀರು, ಆಮೇಲೆ ಕಪ್ಪು ಆಯಿಲ್ ಬಂತು ಎಂದಿರಿ. ಎಂಜಿನ್ ಓಡುವಾಗ ನೀರು ಸೇರಿದ್ದರೆ ಎರಡೂ ಕಲಸಿಹೋಗಿ ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತಿತ್ತು. ನಿಮ್ಮಲ್ಲಿ ಎರಡೂ ಬೇರೆಬೇರೆ ಇವೆ. ಅಂದರೆ ಬೋಟು ಕಟ್ಟಿದ ಮೇಲೆ ಬಂದ ನೀರು ಅದು.

ಕುಂಬಳೆಯ ರಸಾಯನಶಾಸ್ತ್ರ ಮಾಸ್ತರ

ಆ ನೀರನ್ನು ಚೆಲ್ಲಿಲ್ಲ ತಾನೆ? ಒಂದು ಬಾಟಲಿಯಲ್ಲಿ ಹಿಡಿದಿಡಿ. ಆಯಿಲ್ ಮೇಲೆ ತೇಲಿ ನಿಂತ ಬಳಿಕ ಕೆಳಗಿನ ನೀರನ್ನು ಮಾತ್ರ ಒಂದು ಹಳೆಯ ಸ್ಟೀಲ್ ಸೌಟಿಗೆ ತೆಗೆದು, ಸಣ್ಣ ಉರಿಯಲ್ಲಿ ಪೂರ್ತಿ ಆರಿಸಿ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. 100 ಮಿಲಿಲೀಟರ್ ಆರಿಸಿದರೂ ಸೌಟಿನ ತಳದಲ್ಲಿ ಬಿಳಿಯಾಗಿ ಕಾಣುವಷ್ಟು ಉಳಿಯಬೇಕು. ಮಳೆನೀರಾದರೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಎಂಜಿನ್ನಿನ ಸಿಹಿನೀರಿಗೆ ಬೆರೆಸುವ ಕೂಲಂಟ್ ಆದರೆ ಬಣ್ಣದ ಜಿಗುಟು ಉಳಿಯುತ್ತದೆ. ಶಾಲೆಯ ಪ್ರಯೋಗಾಲಯಕ್ಕೆ ತಂದರೆ ಸಿಲ್ವರ್ ನೈಟ್ರೇಟ್ ಹನಿ ಹಾಕಿಯೂ ತೋರಿಸಬಹುದು. ಉಪ್ಪಿದ್ದರೆ ಮೊಸರಿನಂತೆ ಬೆಳ್ಳಗಾಗುತ್ತದೆ.

ನಾಲಗೆಗೆ ಮಾತ್ರ ಹಚ್ಚಬೇಡಿ. ಕೂಲಂಟಿನ ಗ್ಲೈಕಾಲ್ ಸಿಹಿಯಾಗಿರುತ್ತದೆ, ಆದರೆ ವಿಷ.

ಕಸಬಾದ ತಾಂಡೇಲ

ಮಾಸ್ತರರೇ, ನಿಮ್ಮ ಲೆಕ್ಕ ಮೇ ತಿಂಗಳಿಗೆ ಸರಿ. ಈಗ ಮಳೆ ಸುರಿಯುವ ಆಟಿ ತಿಂಗಳು. ನಮ್ಮ ಚಂದ್ರಗಿರಿ ಹೊಳೆ ಕೆಂಪಾಗಿ ತುಂಬಿ ಹರಿಯುವಾಗ ಅಳಿವೆಯ ಒಳಗಿನ ನೀರಿನಲ್ಲಿ ಉಪ್ಪೆಲ್ಲಿ ಉಳಿಯುತ್ತದೆ? ಉಪ್ಪಳ ಹೊಳೆ, ಶಿರಿಯ ಹೊಳೆಯ ಬಾಯಿಯಲ್ಲೂ ಅದೇ ಕತೆ. ಸೌಟಿನಲ್ಲಿ ಉಪ್ಪು ಕಾಣಲಿಲ್ಲವೆಂದು ಇವರು ಮಳೆನೀರು ಎಂದುಕೊಂಡರೆ ಕೆಟ್ಟರು. ಬೋಟು ಕಟ್ಟಿದ ಜಾಗದ ನೀರನ್ನೂ ಒಂದು ಸೌಟಿನಲ್ಲಿ ಜೊತೆಗೇ ಆರಿಸಲಿ. ಎರಡನ್ನೂ ಹೋಲಿಸಿ ನೋಡಲಿ.

ಮಳೆನೀರು ಒಳಗೆ ಹೋಗುವುದು ಹೆಚ್ಚಾಗಿ ಹೊಗೆ ಕೊಳವೆಯ ಬಾಯಿಯಿಂದ. ಅದು ಮಸಿಯನ್ನು ತೊಳೆದುಕೊಂಡು ಸಿಲಿಂಡರಿಗೆ ಇಳಿದು, ಅಲ್ಲಿಂದ ರಿಂಗಿನ ಸಂದಿಯಲ್ಲಿ ಚೇಂಬರಿಗೆ ಬರಬೇಕು. ಅಂಥ ನೀರು ಶಾಯಿಯಂತೆ ಇರುತ್ತದೆ. ನಿಮ್ಮದು ತಿಳಿಯಾಗಿತ್ತೇ, ಕಪ್ಪಾಗಿತ್ತೇ?

ಕುಂಬಳೆಯ ರಸಾಯನಶಾಸ್ತ್ರ ಮಾಸ್ತರ

ತಾಂಡೇಲರ ಮಾತು ನೂರಕ್ಕೆ ನೂರು ಸರಿ. ಎರಡು ಸೌಟು ಇಡಿ.

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ಸೌಟಿನ ಪ್ರಯೋಗ ನಡೆಯಲಿ, ಆದರೆ ನನ್ನ ಸಂಶಯ ಆಯಿಲ್ ಕೂಲರಿನ ಮೇಲೆಯೇ. ಕಾರಣ ಹೇಳುತ್ತೇನೆ. ಎಂಜಿನ್ ಓಡುವಾಗ ಆಯಿಲಿನ ಒತ್ತಡ ಮೂರು ನಾಲ್ಕು ಕಿಲೋ ಇರುತ್ತದೆ. ಕಡಲಿನ ನೀರಿನ ಪಂಪಿನ ಒತ್ತಡ ಅದಕ್ಕಿಂತ ಬಹಳ ಕಡಿಮೆ. ಕೂಲರಿನ ನಳಿಗೆ ತೂತಾಗಿದ್ದರೆ ಆಗ ಆಯಿಲ್ ನೀರಿನ ಕಡೆಗೆ ಹೋಗುತ್ತದೆ. ಹೊರಗೆ ಬೀಳುವ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಜಿಡ್ಡು ಕಂಡಿತ್ತೇ? ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತೇ?

ಎಂಜಿನ್ ನಿಂತ ಮೇಲೆ ಆಯಿಲಿನ ಒತ್ತಡ ಸೊನ್ನೆ. ಆದರೆ ಕೂಲರ್ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದೆ, ಕಡಲ ನೀರನ್ನು ಒಳಗೆ ಬಿಡುವ ಬೋಟಿನ ತಳದ ವಾಲ್ವ್ ತೆರೆದಿದೆ ಎಂದಾದರೆ ಕಡಲೇ ಹನಿಹನಿಯಾಗಿ ಒಳಗೆ ಇಳಿಯುತ್ತದೆ. ಮಂಜೇಶ್ವರದವರೇ, ಬೋಟು ಕಟ್ಟುವಾಗ ತಳದ ವಾಲ್ವ್ ಮುಚ್ಚಿದ್ದಿರಾ? ಕೂಲರಿನ ತುದಿಯಲ್ಲಿ ಸತುವಿನ ಕಡ್ಡಿ ಇದೆಯೇ?

ಮಂಜೇಶ್ವರ ಬಂದರಿನವ

ಒಂದೊಂದಾಗಿ ಹೇಳುತ್ತೇನೆ. ಎಂಜಿನ್ ಕೈಯಿಂದ ತಿರುಗಿತು, ಯಾವ ನಾಝಲ್ ತೂತಿನಿಂದಲೂ ನೀರು ಬರಲಿಲ್ಲ. ದೊಡ್ಡ ಭಾರ ಇಳಿದಂತಾಯಿತು. ನೀರಿನಲ್ಲಿ ಮಸಿ ಇರಲಿಲ್ಲ. ಎರಡೂ ಸೌಟುಗಳಲ್ಲಿ ಉಳಿದದ್ದು ಒಂದೇ ತರಹ, ತೆಳ್ಳಗಿನ ಬಿಳಿ ಕಲೆ. ಹಸಿರು ಬಣ್ಣವಾಗಲಿ ಜಿಗುಟಾಗಲಿ ಇಲ್ಲ. ಕೂಲಂಟ್ ಟ್ಯಾಂಕಿನ ಮಟ್ಟವೂ ಇಳಿದಿಲ್ಲ. ತಳದ ವಾಲ್ವ್ ತುಕ್ಕು ಹಿಡಿದು ತಿರುಗದೆ ತೆರೆದೇ ಇದೆ, ಕೊಂಡಾಗಲೂ ಹಾಗೇ ಇತ್ತು. ಮೇ ತಿಂಗಳಲ್ಲಿ ಆಯಿಲ್ ಇಳಿಯುತ್ತಿದ್ದುದು ನಿಜ. ಪಿಸ್ಟನ್ನಿನ ರಿಂಗ್ ಸವೆದಿರಬೇಕೆಂದು ಬೋಟು ನಡೆಸುವ ಸ್ರಾಂಗ್ ಹೇಳಿದ್ದರು.

ಕೂಲರಿನ ತುದಿಯಲ್ಲಿ ಒಂದು ಹಿತ್ತಾಳೆಯ ಬಿರಡೆ ಇದೆ. ಬಿಚ್ಚಿ ನೋಡಿದೆ. ಬರೀ ಬಿರಡೆ, ಅದರ ಹಿಂದೆ ಕಡ್ಡಿಯೂ ಇಲ್ಲ, ಗಿಡ್ಡಿಯೂ ಇಲ್ಲ. ಹೀಟ್ ಎಕ್ಸ್‌ಚೇಂಜರಿನಲ್ಲೂ ಅಷ್ಟೇ. ಅಲ್ಲಿ ಏನಿರಬೇಕಿತ್ತು?

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ಸಿಕ್ಕಿತು! ಆ ಬಿರಡೆಯ ಹಿಂದೆ ಬೆರಳಿನಷ್ಟು ದಪ್ಪದ ಸತುವಿನ ಕಡ್ಡಿ ತಿರುಪಿರಬೇಕಿತ್ತು. ಅದು ಕರಗಿ ಮುಗಿದ ಮೇಲೆ ಯಾರೋ ಬೇರೆ ಕಡ್ಡಿ ಹಾಕದೆ ಬಿರಡೆಯನ್ನಷ್ಟೇ ಬಿಗಿದಿದ್ದಾರೆ. ಇದನ್ನು ನಾನು ಅನೇಕ ಬೋಟುಗಳಲ್ಲಿ ನೋಡಿದ್ದೇನೆ. ಹೊರಗಿನಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಉಪ್ಪುನೀರಿನಲ್ಲಿ ಎರಡು ಬೇರೆ ಲೋಹಗಳು ಒಂದಕ್ಕೊಂದು ತಗುಲಿ ನಿಂತರೆ ಅದೊಂದು ಬ್ಯಾಟರಿ. ಅವುಗಳಲ್ಲಿ ಬೇಗ ಕರಗುವ ಸ್ವಭಾವದ್ದು ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಸತು ಮೊದಲು, ಆಮೇಲೆ ಅಲ್ಯೂಮಿನಿಯಂ, ಕಬ್ಬಿಣ, ಆಮೇಲೆ ಹಿತ್ತಾಳೆ, ತಾಮ್ರ, ಕಂಚು, ಕೊನೆಗೆ ಸ್ಟೇನ್‌ಲೆಸ್ ಸ್ಟೀಲ್. ಸತುವಿನ ಕಡ್ಡಿ ಇದ್ದಷ್ಟು ಕಾಲ ಕರಗುವ ಸರದಿ ಅದರದು. ಅದು ಇಲ್ಲವಾದರೆ ಮುಂದಿನ ಸರದಿ ಕೂಲರಿನ ಕಬ್ಬಿಣದ ಮುಚ್ಚಳ, ಬೆಸುಗೆ, ಹಿತ್ತಾಳೆಯೊಳಗಿನ ಸತು ಇವುಗಳದು. ಹಿತ್ತಾಳೆಯ ಭಾಗ ಎಲ್ಲಿಯಾದರೂ ಗುಲಾಬಿ ಬಣ್ಣಕ್ಕೆ ತಿರುಗಿದೆಯೇ ನೋಡಿ. ಹಾಗಿದ್ದರೆ ಅದರೊಳಗಿನ ಸತು ಹೋಗಿ ಜೊಳ್ಳು ತಾಮ್ರ ಮಾತ್ರ ಉಳಿದಿದೆ ಎಂದರ್ಥ. ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದರೂ ಪುಡಿಯಾಗುತ್ತದೆ. ತಳದ ವಾಲ್ವ್ ಹಿತ್ತಾಳೆಯದಾದರೆ ಮೊದಲು ಅದನ್ನೇ ಪರೀಕ್ಷಿಸಿ. ಕೂಲರ್ ತೂತಾದರೆ ಎಂಜಿನ್ ಕೆಡುತ್ತದೆ, ಆ ವಾಲ್ವ್ ಮುರಿದರೆ ಬೋಟೇ ಮುಳುಗುತ್ತದೆ. ಹೊಸದು ಹಾಕುವುದಾದರೆ ಕಂಚಿನದೇ ಹಾಕಿ.

ಶಿರಿಯದ ಸಣ್ಣ ಬೋಟು

ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಬೋಟು ವರ್ಷದಲ್ಲಿ ಅರ್ಧ ಕಾಲ ಹೊಳೆಯ ಸಿಹಿನೀರಿನಲ್ಲೇ ಇರುತ್ತದೆ. ಸತುವಿನ ಗಟ್ಟಿ ಕರಗುವುದೇ ಇಲ್ಲ, ಹೊಸದರಂತೆ ಇದೆ. ನಮಗೆ ತುಕ್ಕಿನ ಭಯ ಇಲ್ಲ ಎಂದುಕೊಳ್ಳಬಹುದೇ?

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ತದ್ವಿರುದ್ಧ. ಕರಗದ ಸತು ಕೆಲಸ ಮಾಡದ ಸತು. ಸಿಹಿನೀರಿನಲ್ಲಿ ಅದರ ಮೈಮೇಲೆ ಗಟ್ಟಿ ಬಿಳಿ ಪೊರೆ ಕಟ್ಟುತ್ತದೆ. ಮತ್ತೆ ಉಪ್ಪುನೀರಿಗೆ ಹೋದರೂ ಆ ಪೊರೆ ಬಿಡುವುದಿಲ್ಲ. ವೈರ್ ಬ್ರಷ್‌ನಿಂದ ಉಜ್ಜಿ ಹೊಳಪು ತರಿಸಬೇಕು. ಉಪ್ಪೂ ಸಿಹಿಯೂ ಬೆರೆಯುವ ಅಳಿವೆಯ ನೀರಿಗೆ ಅಲ್ಯೂಮಿನಿಯಂ ಮಿಶ್ರಲೋಹದ ಗಟ್ಟಿಯೇ ಹೆಚ್ಚು ಸೂಕ್ತ. ಅದರಲ್ಲಿ ಸ್ವಲ್ಪ ಇಂಡಿಯಂ ಬೆರೆಸಿರುತ್ತಾರೆ, ಪೊರೆ ಕಟ್ಟದಂತೆ. ಸಾದಾ ಅಲ್ಯೂಮಿನಿಯಂ ತುಂಡು ಕತ್ತರಿಸಿ ಹಾಕಿದರೆ ಪ್ರಯೋಜನವಿಲ್ಲ. ಕೊಚ್ಚಿಯಲ್ಲಿ 1957ರಿಂದ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದೆ. ಬೋಟಿನ ತುಕ್ಕು ತಡೆಯುವ ವಿಷಯದಲ್ಲಿ ಅವರ ಕೆಲಸ ಹಳೆಯದು, ಕೇಳಿ ನೋಡಬಹುದು.

ಇನ್ನೊಂದು: ಗಟ್ಟಿಯ ಮೇಲೆ ಬಣ್ಣ ಬಳಿಯಬೇಡಿ. ಬೋಟಿಗೆ ಬಣ್ಣ ಹೊಡೆಯುವ ಹುಡುಗರು ಚೆಂದ ಕಾಣಲಿ ಎಂದು ಅದಕ್ಕೂ ಒಂದು ಕೈ ಎಳೆದುಬಿಡುತ್ತಾರೆ.

ಬದಿಯಡ್ಕದ ಅಡಿಕೆ ತೋಟ

ನನಗೂ ಕಡಲಿಗೂ ದೂರ, ಆದರೆ ತುಕ್ಕಿಗೂ ನನಗೂ ಹತ್ತಿರ. ತೋಟದ ಡೀಸೆಲ್ ಪಂಪಿನ ಮೈಗೆ ನಮ್ಮ ತಂದೆಯವರು ಅಡಿಕೆ ಬೇಯಿಸಿದ ಚೊಗರು ಹಚ್ಚುತ್ತಿದ್ದರು. ಕೆಂಪು ತುಕ್ಕು ಕಪ್ಪಾಗಿ ನಿಲ್ಲುತ್ತಿತ್ತು. ಚೇಂಬರಿಗೆ ಅದನ್ನು ಹಚ್ಚಬಾರದೇಕೆ? ಕಾಸು ಖರ್ಚಿಲ್ಲ.

ಕುಂಬಳೆಯ ರಸಾಯನಶಾಸ್ತ್ರ ಮಾಸ್ತರ

ಅದರಲ್ಲಿ ಸತ್ಯವಿದೆ. ಚೊಗರಿನಲ್ಲಿ ಟ್ಯಾನಿನ್ ಇದೆ, ಅದು ತುಕ್ಕಿನ ಜೊತೆ ಸೇರಿ ನೀಲಿಗಪ್ಪು ಬಣ್ಣದ ಗಟ್ಟಿ ಪದರವಾಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಲವು ತುಕ್ಕು ಪರಿವರ್ತಕ ದ್ರಾವಣಗಳಲ್ಲಿ ಇರುವುದೂ ಟ್ಯಾನಿಕ್ ಆಮ್ಲವೇ. ಇನ್ನು ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ. ಆದರೆ ನಿಮ್ಮ ತೋಟದ ಪಂಪಿನ ತುಕ್ಕಿನಲ್ಲಿ ಉಪ್ಪು ಇರಲಿಲ್ಲ. ತುಕ್ಕಿನ ಅಡಿಯಲ್ಲಿ ಉಪ್ಪು ಕುಳಿತಿದ್ದರೆ ಮೇಲೆ ಚೊಗರು ಹಚ್ಚಿದರೂ ಒಂದೇ, ದುಬಾರಿ ಎಪಾಕ್ಸಿ ಹಚ್ಚಿದರೂ ಒಂದೇ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯಲ್ಲಿ ತೇವಾಂಶ ನೂರಕ್ಕೆ ಮೂವತ್ತೈದರಷ್ಟಿದ್ದರೂ ಅದನ್ನು ಹೀರಿ ಒದ್ದೆಯಾಗುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಗಾಳಿ ಅಷ್ಟು ಒಣಗುವುದೆಂದು? ಉಪ್ಪು ಕುಳಿತ ಕಬ್ಬಿಣ ನಮ್ಮಲ್ಲಿ ವರ್ಷವಿಡೀ ಒದ್ದೆಯೇ.

ಕಸಬಾದ ತಾಂಡೇಲ

ನಮ್ಮ ಅಜ್ಜಂದಿರು ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬೂತಾಯಿ ಮೀನಿನ ಎಣ್ಣೆ ಹಚ್ಚುತ್ತಿದ್ದರು. ಮರಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಅದನ್ನೇ ಎಂಜಿನ್ನಿಗೆ ಬಳಿದ ಒಬ್ಬ ಮಹಾಶಯನ ಬೋಟಿಗೆ ಕೆಲಸಕ್ಕೆ ಹೋಗಿದ್ದೆ. ಎಂಜಿನ್ ಬಿಸಿಯಾದೊಡನೆ ಬೂತಾಯಿ ಹುರಿದ ವಾಸನೆ. ಬಲೆ ಹಾಕುವ ಮೊದಲೇ ಎಲ್ಲರಿಗೂ ಹಸಿವೆ.

ಉಪ್ಪಳದ ಹಳೆಯ ಮೆಕ್ಯಾನಿಕ್

ನಗು ಸಾಕು, ಚೇಂಬರಿನ ಕೆಲಸ ಹೇಳುತ್ತೇನೆ.

ಎಂಜಿನ್ ಇಡೀ ಸಿಹಿನೀರಿನಲ್ಲಿ ತೊಳೆಯಿರಿ. ಡೈನಮೋ, ಸ್ಟಾರ್ಟರ್ ಬಿಚ್ಚಿ ತೆಗೆದು, ಗಾಳಿ ಎಳೆಯುವ ಬಾಯಿಯನ್ನು ಪ್ಲಾಸ್ಟಿಕ್‌ನಿಂದ ಕಟ್ಟಿ ಮುಚ್ಚಿ, ಆಮೇಲೆ ನೀರು ಹಾಕಿ. ಕಡಲ ಬದಿಯ ಬಾವಿಯ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ. ಮಾಡಿನಿಂದ ಬೀಳುವ ಮಳೆನೀರು ಹಿಡಿದರೆ ಧಾರಾಳ. ಒಣಗಿದ ಮೇಲೆ ತುಕ್ಕನ್ನು ಹೆರೆದು, ವೈರ್ ಬ್ರಷ್ ಹಾಕಿ, ಮತ್ತೊಮ್ಮೆ ತೊಳೆಯಿರಿ. ಈ ಎರಡನೆಯ ತೊಳೆತವನ್ನು ಯಾರೂ ಮಾಡುವುದಿಲ್ಲ. ತುಕ್ಕಿನ ಹೊಟ್ಟೆಯೊಳಗಿದ್ದ ಉಪ್ಪು ಹೊರಬರುವುದು ಹೆರೆದ ಮೇಲೆಯೇ. ಆಮೇಲೆ ಬಲ್ಬು ಹಚ್ಚಿಟ್ಟೋ ಫ್ಯಾನ್ ಇಟ್ಟೋ ಪೂರ್ತಿ ಒಣಗಿಸಿ, ಅದೇ ದಿನ ಎಪಾಕ್ಸಿ ಪ್ರೈಮರ್ ಬಳಿಯಿರಿ. ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು.

ಚೇಂಬರನ್ನು ಬಿಚ್ಚಿ ಹೊರಗೆ ತಂದೇ ನೋಡಬೇಕು. ಬೋಟಿನ ತಳದಲ್ಲಿ ನಿಂತ ನೀರು ಅಲುಗಾಡಿದಾಗೆಲ್ಲ ಚೇಂಬರಿನ ತಗಡನ್ನು ನೆಕ್ಕುತ್ತಿರುತ್ತದೆ. ಉಗುರಿನಿಂದ ಒತ್ತಿದರೆ ತಗ್ಗುವಷ್ಟು ತೆಳುವಾಗಿದ್ದರೆ ಎಂ-ಸೀಲ್ ಮೆತ್ತುವ ಯೋಚನೆ ಬಿಡಿ. ಬಂದರಿಗೆ ಮರಳುವವರೆಗಿನ ತೇಪೆ ಅದು, ಹಂಗಾಮಿಗೆ ಆಗದು. ವೆಲ್ಡಿಂಗ್ ಮಾಡಿಸುವುದಾದರೆ ಆಯಿಲಿನ ಪಸೆ ಪೂರ್ತಿ ತೊಳೆದ ಮೇಲೆ, ಬೋಟಿನಿಂದ ಹೊರಗೆ. ನನ್ನನ್ನು ಕೇಳಿದರೆ ಹೊಸ ಚೇಂಬರೇ ಹಾಕಿ.

ಹೊಗೆ ಕೊಳವೆಯ ಬಾಯಿಗೆ ಒಂದು ಡಬ್ಬ ಕವುಚಿಡಿ. ಈ ಸಲ ಮಳೆನೀರು ಹೋಗಲಿಲ್ಲ ಎಂದರೆ ಅದೃಷ್ಟ.

ಮಂಜೇಶ್ವರ ಬಂದರಿನವ

ಕೂಲರ್ ಬಿಚ್ಚಿದೆವು. ನಳಿಗೆಗಳ ಒಳಗೆ ಬಿಳಿ ಸುಣ್ಣದಂತೆ ಕಟ್ಟಿದೆ. ಕಕ್ಕಸು ತೊಳೆಯುವ ಆ್ಯಸಿಡ್ ಸುರಿದರೆ ಹೋಗುತ್ತದೆ ಎಂದು ಪಕ್ಕದ ಬೋಟಿನವರು ಹೇಳುತ್ತಾರೆ.

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ದಯವಿಟ್ಟು ಬೇಡ. ಅದು ಹೈಡ್ರೋಕ್ಲೋರಿಕ್ ಆಮ್ಲ. ಅಲ್ಯೂಮಿನಿಯಂ ಭಾಗವಿದ್ದರೆ ತಿಂದುಹಾಕುತ್ತದೆ, ಬೆಸುಗೆಯನ್ನೂ ಬಿಡುವುದಿಲ್ಲ. ಸಿಟ್ರಿಕ್ ಆಮ್ಲದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ನೆನೆಹಾಕಿ. ಅಮೋನಿಯಾ ಇರುವ ಯಾವ ತೊಳೆಯುವ ದ್ರಾವಣವನ್ನೂ ತಾಮ್ರ, ಹಿತ್ತಾಳೆಯ ಹತ್ತಿರ ತರಬೇಡಿ.

ಉಪ್ಪಳದ ಹಳೆಯ ಮೆಕ್ಯಾನಿಕ್

ಎಂಜಿನಿಯರರೇ, ನಾನು ಅದೇ ಆ್ಯಸಿಡನ್ನು ನೀರು ಬೆರೆಸಿ ಎಷ್ಟೋ ಕೂಲರಿಗೆ ಹಾಕಿದ್ದೇನೆ. ನೊರೆ ನಿಂತೊಡನೆ ಸುರಿದು ತೊಳೆದರೆ ಏನೂ ಆಗುವುದಿಲ್ಲ. ನಿಮ್ಮ ಹಡಗಿನಲ್ಲಿ ಸಮಯವೂ ಇದೆ, ಸಿಟ್ರಿಕ್ಕೂ ಇದೆ.

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ಅಣ್ಣ, ನಿಮ್ಮ ಕೈಗೆ ಅಭ್ಯಾಸವಿದೆ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತು. ಇದನ್ನು ಓದಿ ಬಾಟಲಿ ಪೂರ್ತಿ ಸುರಿಯುವವರಿಗೆ ಗೊತ್ತಿರುವುದಿಲ್ಲ. ಅಷ್ಟೇ ನನ್ನ ತಕರಾರು. ನಿಂಬೆಹುಳಿಯ ಪುಡಿ ಕಾಸರಗೋಡಿನ ದಿನಸಿ ಅಂಗಡಿಯಲ್ಲೂ ಸಿಗುತ್ತದೆ.

ತೊಳೆದ ಮೇಲೆ ಆಯಿಲಿನ ಕಡೆಯ ಒಂದು ಬಾಯಿ ಮುಚ್ಚಿ, ಇನ್ನೊಂದರಿಂದ ಎರಡು ಕಿಲೋ ಗಾಳಿ ಬಿಟ್ಟು, ಇಡೀ ಕೂಲರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ. ಟಯರ್ ಪಂಕ್ಚರ್ ಅಂಗಡಿಯಲ್ಲಿ ಮಾಡಿಸಬಹುದು. ಗುಳ್ಳೆ ಬಂದ ನಳಿಗೆಯೇ ಕಳ್ಳ.

ಹೊಸಬೆಟ್ಟಿನ ಎಲೆಕ್ಟ್ರಿಷಿಯನ್

ಯಾರೂ ವೈರಿಂಗಿನ ವಿಷಯ ಎತ್ತಲಿಲ್ಲ. ಸತು ಹಾಕಿದರೂ ಕೆಲವೇ ವಾರಗಳಲ್ಲಿ ಕರಗಿಹೋದರೆ ಸತುವನ್ನು ಬಯ್ಯಬೇಡಿ, ತಳದ ನೀರಿನಲ್ಲಿ ಬಿದ್ದಿರುವ ಪಾಸಿಟಿವ್ ವೈರನ್ನು ಹುಡುಕಿ. ನೀರೆತ್ತುವ ಪಂಪಿನ ವೈರಿನ ಜೋಡಣೆಗೆ ಬರೀ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಅಲ್ಲಿಂದ ಸೋರುವ ಕರೆಂಟ್ ಲೋಹವನ್ನು ತಿನ್ನುವ ವೇಗದ ಮುಂದೆ ಸಾದಾ ತುಕ್ಕು ಏನೂ ಅಲ್ಲ. ಎಲ್ಲ ಸ್ವಿಚ್ ಆರಿಸಿ, ಬ್ಯಾಟರಿಯ ಪಾಸಿಟಿವ್ ವೈರ್ ಬಿಚ್ಚಿ, ನಡುವೆ ಮೀಟರ್ ಇಟ್ಟು ನೋಡಿ. ಮುಳ್ಳು ಅಲುಗಿದರೆ ಸೋರಿಕೆ ಇದೆ. ಬೋಟು ಕಟ್ಟಿಡುವಾಗ ಬ್ಯಾಟರಿ ಬಿಚ್ಚಿ ಮನೆಗೆ ತನ್ನಿ.

ಮಂಜೇಶ್ವರ ಬಂದರಿನವ

ಗುಳ್ಳೆ ಬಂತು, ಎರಡು ನಳಿಗೆಗಳಿಂದ. ಬ್ಲಾಕ್ ಒಡೆದಿದೆ ಎಂದವರಿಗೆ ಫೋನ್ ಮಾಡಿ ಹೇಳಿದೆ, ಅವರು ಬೇರೆ ವಿಷಯ ಮಾತಾಡಿದರು. ಲೇತ್ ಅಂಗಡಿಯವರು ಆ ಎರಡು ನಳಿಗೆಗಳ ಎರಡೂ ತುದಿಗೆ ತಾಮ್ರದ ಬಿರಡೆ ಬಡಿದು ಮುಚ್ಚಿಕೊಟ್ಟಿದ್ದಾರೆ. ಇದರಲ್ಲೇ ಹಂಗಾಮು ಓಡಿಸಬಹುದೇ?

ಗಲ್ಫಿನ ಹಡಗು ಎಂಜಿನಿಯರ್ (ಊರು ಬಂದ್ಯೋಡು)

ಹತ್ತರಲ್ಲಿ ಒಂದು ಪಾಲಿನಷ್ಟು ನಳಿಗೆ ಮುಚ್ಚಿದರೂ ಸಾಮಾನ್ಯವಾಗಿ ತಣಿಸುವ ಕೆಲಸ ನಡೆಯುತ್ತದೆ. ಆದರೆ ಎರಡು ತೂತಾಗಿದ್ದರೆ ಉಳಿದವೂ ಅದೇ ವಯಸ್ಸಿನವು. ಹೊಸದಕ್ಕೆ ಈಗಲೇ ಹೇಳಿಡಿ.

ಉಪ್ಪಳದ ಹಳೆಯ ಮೆಕ್ಯಾನಿಕ್

ಆಯಿಲಿನ ವಿಷಯದಲ್ಲಿ ಜಿಪುಣತನ ಬೇಡ. ಕಡಿಮೆ ಬೆಲೆಯ ಹೊಸ ಆಯಿಲ್ ಹಾಕಿ, ಭಾರವಿಲ್ಲದೆ ಸ್ವಲ್ಪ ಹೊತ್ತು ಓಡಿಸಿ, ಬಿಸಿ ಇರುವಾಗಲೇ ಇಳಿಸಿ. ಬಣ್ಣ ಮಸುಕಾಗಿದ್ದರೆ ಇನ್ನೊಮ್ಮೆ. ಆಮೇಲೆ ಒಳ್ಳೆಯ ಆಯಿಲ್, ಹೊಸ ಫಿಲ್ಟರ್. ಹಳೆಯ ಫಿಲ್ಟರನ್ನು ಕತ್ತರಿಸಿ ಮಡಿಕೆ ಬಿಚ್ಚಿ ನೋಡಿ. ಹೊಳೆಯುವ ಲೋಹದ ಪುಡಿ ಕಂಡರೆ ಬೇರಿಂಗ್ ಬಿಚ್ಚಲೇಬೇಕು. ಚೇಂಬರ್ ಹೇಗೂ ತೆಗೆದಿರುವಾಗ ಒಂದು ಬೇರಿಂಗ್ ಬಿಚ್ಚಿ ನೋಡಿದರೆ ಇನ್ನೂ ಒಳ್ಳೆಯದು. ಡೀಸೆಲ್ ಟ್ಯಾಂಕಿನ ತಳದ ನೀರನ್ನೂ ಇಳಿಸಿ. ಡೀಸೆಲ್ ಪಂಪಿನೊಳಗಿನ ಎಲಿಮೆಂಟಿಗೆ ಒಂದು ಹನಿ ನೀರು ಸಾಕು, ಹಿಡಿದುಬಿಡುತ್ತದೆ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಮಳೆಗಾಲ ಕಳೆದರೆ ಗಾಳಿಯ ತೇವವೇ ಒಳಗೆ ಬೆವರಿ ನೀರಾಗುತ್ತದೆ.

ಮುಂದಿನ ವರ್ಷ ಬೋಟು ಕಟ್ಟುವ ದಿನವೇ ಹಳೆಯ ಆಯಿಲ್ ಇಳಿಸಿ ಹೊಸದು ಹಾಕಿ ಕಟ್ಟಿ. ಸುಟ್ಟ ಆಯಿಲಿನಲ್ಲಿ ಆಮ್ಲ ಸೇರಿರುತ್ತದೆ, ಅದು ಎರಡು ತಿಂಗಳು ಬೇರಿಂಗಿನ ಮೇಲೆ ಕುಳಿತಿರುವುದೇಕೆ? ಕಡಲ ನೀರಿನ ಪಂಪಿನ ಕೊಳವೆಯನ್ನು ಬಿಚ್ಚಿ ಸಿಹಿನೀರಿನ ಡ್ರಮ್ಮಿಗೆ ಇಳಿಸಿ, ಎಂಜಿನ್ ಓಡಿಸಿ, ಡ್ರಮ್ ಖಾಲಿ ಮಾಡಿ. ಎಂಜಿನ್ ತಾನೇ ಎಳೆದುಕೊಳ್ಳಬೇಕು. ಹೊಗೆ ಕೊಳವೆಗೆ ನೀರು ಬೆರೆಸುವ ಬೋಟುಗಳಲ್ಲಿ ನಿಂತ ಎಂಜಿನ್ನಿಗೆ ನಲ್ಲಿಯ ಪೈಪ್ ಜೋಡಿಸಿ ಬಿಟ್ಟರೆ ನೀರು ಸಿಲಿಂಡರಿಗೇ ತುಂಬುತ್ತದೆ. ತಳದ ವಾಲ್ವ್ ಮುಚ್ಚಿ. ಕಡಲ ನೀರಿನ ಪಂಪಿನೊಳಗೆ ತಿರುಗುವ ಇಂಪೆಲ್ಲರ್ ತೆಗೆದಿಡಿ. ವಾರಕ್ಕೊಮ್ಮೆ ಯಾರಾದರೂ ಹೋಗಿ ಕೈಯಿಂದ ಎಂಜಿನ್ ತಿರುಗಿಸಿ ಬರಲಿ.

ಕಸಬಾದ ತಾಂಡೇಲ

ಅಣ್ಣ ಹೇಳಿದ್ದೆಲ್ಲ ಸರಿ. ಆದರೆ ಬೋಟು ಕಟ್ಟುವ ದಿನ ಯಾರ ಕೈಯಲ್ಲಿ ಕಾಸಿರುತ್ತದೆ? ಡೀಸೆಲಿನ ಬಾಕಿ, ಮಂಜುಗಡ್ಡೆಯ ಬಾಕಿ, ಕೆಲಸದವರ ಪಾಲು ತೀರಿಸುವುದರಲ್ಲೇ ಜೂನ್ ಬಂದಿರುತ್ತದೆ. ಹೊಸ ಆಯಿಲ್ ಹಾಕಿ ಸುಮ್ಮನೆ ನಿಲ್ಲಿಸು ಎಂದರೆ ಮಾಲೀಕರು ನಮ್ಮ ಮುಖ ನೋಡುತ್ತಾರೆ. ತಲಪಾಡಿಯ ಆಚೆ ಕರ್ನಾಟಕದವರಿಗೆ ನಿಷೇಧ ಜೂನ್ 1ಕ್ಕೇ ಶುರು, 61 ದಿನ. ನಮಗೆ 52. ನಾವು ಕಟ್ಟುವ ಹೊತ್ತಿಗೆ ಮಂಗಳೂರಿನ ಮೆಕ್ಯಾನಿಕ್‌ಗಳೆಲ್ಲ ಅವರ ಬೋಟುಗಳೊಳಗೆ ಇಳಿದಾಗಿರುತ್ತದೆ. ಹಾಗಾಗಿ ನಮ್ಮ ಕಡೆ ಎಲ್ಲರೂ ಜುಲೈ ಕೊನೆಗೆ ಓಡಾಡುವುದು. ಸಂಘದಿಂದ ಒಂದು ಡ್ರಮ್, ಒಂದು ಬ್ಯಾರಲ್ ಆಯಿಲ್ ಜೂನ್ ಮೊದಲ ವಾರದಲ್ಲಿ ಬಂದರಿಗೆ ತರಿಸಿಟ್ಟು, ಹಣ ಆಗಸ್ಟಿನ ಮೀನಿನಲ್ಲಿ ಮುರಿದುಕೊಂಡರೆ ಅರ್ಧ ಬೋಟುಗಳಾದರೂ ಉಳಿಯುತ್ತವೆ. ಸಭೆಯಲ್ಲಿ ಹೇಳಿ ನೋಡುತ್ತೇನೆ.

ಮಂಜೇಶ್ವರ ಬಂದರಿನವ

ನಮ್ಮ ಬಂದರಿನಲ್ಲೂ ಕೇಳುತ್ತೇನೆ. ಈಗ ಸತುವಿನ ಕಡ್ಡಿ ಎಲ್ಲಿ ಸಿಗುತ್ತದೆ? ಅಳತೆ ಏನೆಂದು ಕೇಳಬೇಕು?

ಉಪ್ಪಳದ ಹಳೆಯ ಮೆಕ್ಯಾನಿಕ್

ಮಂಗಳೂರು ಬಂದರಿನ ಬೋಟು ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅಳತೆ ಬಾಯಲ್ಲಿ ಹೇಳಬೇಡಿ, ಆ ಹಿತ್ತಾಳೆಯ ಬಿರಡೆಯನ್ನೇ ಕೊಂಡುಹೋಗಿ ತಿರುಪಿನ ಮರೆ ಹೊಂದಿಸಿ ತನ್ನಿ. ಕೂರಿಸುವಾಗ ಬಿಳಿ ಟೇಪನ್ನು ದಪ್ಪವಾಗಿ ಸುತ್ತಬೇಡಿ, ಲೋಹಕ್ಕೆ ಲೋಹ ತಾಗಬೇಕು. ಅರ್ಧ ಕರಗಿದಾಗ ಬದಲಿಸುವುದು, ಪೂರ್ತಿ ಮುಗಿಯುವವರೆಗೆ ಕಾಯಬೇಡಿ. ಆರೇಳು ಕಡ್ಡಿ ಒಟ್ಟಿಗೇ ತನ್ನಿ.

ಶಿರಿಯದ ಸಣ್ಣ ಬೋಟು

ಹೋಗುವ ದಿನ ತಿಳಿಸಿ, ನನಗೂ ಅಲ್ಯೂಮಿನಿಯಂ ಗಟ್ಟಿ ಬೇಕು. ಬಸ್ಸಿನಲ್ಲಿ ಜೊತೆಗೇ ಬರುತ್ತೇನೆ.